ಶು, ಹಾ, ರಿ: ಕೆಂಡೋ ಅಭ್ಯಾಸದ ಮೂರು ಹಂತಗಳು

ಜಪಾನಿನ ಸಮರಕಲೆಗಳಲ್ಲಿ ಕಲಿಕೆಗೆ ಶು, ಹಾ, ರಿ ಎಂಬ ಮೂರು ಹಂತಗಳಿವೆ; ಪಾಲಿಸುವುದು, ಮುರಿಯುವುದು, ಬಿಟ್ಟು ನಡೆಯುವುದು ಎಂದು ಇವುಗಳ ಅರ್ಥ. ಜಪಾನಿನ ಕತ್ತಿವರಸೆಯಾದ ಕೆಂಡೋ ಕಲಿಯುವವರು ಮೊದಲು ಗುರು ತೋರಿಸಿದ್ದನ್ನು ಹಾಗೆಯೇ ಅನುಸರಿಸಬೇಕು: ಬಿದಿರಿನ ಕತ್ತಿಯಾದ ಶಿನಾಯಿಯ ಹಿಡಿಯ ತುದಿಯನ್ನು ಎಡಗೈಯ ಕಿರುಬೆರಳು, ಉಂಗುರಬೆರಳುಗಳಿಂದ ಭದ್ರವಾಗಿ ಹಿಡಿದು, ಬಲಗೈಯನ್ನು ಸಡಿಲವಾಗಿಟ್ಟು, ಎಡ ಹಿಮ್ಮಡಿಯನ್ನು ತುಸು ಎತ್ತಿ ನಿಂತು, ಒಂದೇ ಹೊಡೆತವನ್ನು ದಿನವೂ ಅಭ್ಯಾಸ ಮಾಡಬೇಕು. ಬೇಸರ ಬರುತ್ತದೆ, ಬರಲಿ. ಬಲಗೈ ಬಿಗಿದರೆ ಶಿನಾಯಿ ಓರೆಯಾಗುವುದು ಗಮನಕ್ಕೆ ಬರುವುದೇ ಆಗ. ದೇಹ ಯೋಚಿಸದೆ ಸರಿಯಾಗಿ ನಡೆಯತೊಡಗಿದ ಮೇಲೆ, ಬೇರೆ ಗುರುಗಳ ಪದ್ಧತಿಯನ್ನೂ ನೋಡಿ, ತಮ್ಮ ಎತ್ತರಕ್ಕೂ ವೇಗಕ್ಕೂ ಒಪ್ಪುವಂತೆ ಎದುರಾಳಿಯಿಂದ ನಿಲ್ಲುವ ಅಂತರವನ್ನು ಬದಲಿಸಿ ಪರೀಕ್ಷಿಸುವುದು ಹಾ ಹಂತ. ಆತುರಪಟ್ಟು ಇಲ್ಲಿಗೆ ಜಿಗಿಯುವುದು ತರವಲ್ಲ. ರಿ ಹಂತಕ್ಕೆ ಪ್ರತ್ಯೇಕ ಅಭ್ಯಾಸವಿಲ್ಲ. ಎದುರಾಳಿ ಕದಲಿದ ಕ್ಷಣ ಹೊಡೆತ ತಾನಾಗಿಯೇ ಹೊರಡುತ್ತದೆ.