ಪಾರ್ಕಿನ ರಸ್ತೆಯಲ್ಲಿ ಸೈಕಲ್: ಯಾವ ಕಡೆಯಿಂದ ಸುತ್ತು ಹಾಕಬೇಕು?

ಕಾಡು, ಗುಡ್ಡ ಇರುವ ದೊಡ್ಡ ಪಾರ್ಕಿಗೆ ರೋಡ್ ಸೈಕಲ್ ಒಯ್ಯುವವರು ದೂರ ಮಾತ್ರ ನೋಡಬೇಡಿ, ಏರನ್ನೂ ನೋಡಿ. 100 ಮೀಟರ್‌ಗೆ 8 ಮೀಟರ್ ಏರಿದರೆ ಅದು ಶೇ 8ರ ಏರು. ಹೊಸಬರಿಗೆ ಅದು ಜಾಸ್ತಿಯೇ, ಅಲ್ವಾ?

ಕಡಿದಾದ ಕಡೆಯಿಂದ ಹತ್ತಿ, ಇಳಿಜಾರು ಕಡಿಮೆ ಇರುವ ಕಡೆಯಿಂದ ಇಳಿಯುವ ಹಾಗೆ ಸುತ್ತು ಹಾಕಿ. ಹತ್ತುವಾಗ ವೇಗ ಕಡಿಮೆ, ಬಿದ್ದರೂ ಪೆಟ್ಟು ಕಡಿಮೆ. ಇಳಿಯುವಾಗ ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ, ತಿರುವಿನ ಮಧ್ಯೆ ಬೇಡ. ಅಲ್ಲಿ ಅಂಚಿನಲ್ಲಿ ಸಣ್ಣ ಜಲ್ಲಿ ಕೂತಿರುತ್ತದೆ. ಮರದ ಕೆಳಗೆ ಒದ್ದೆ ಎಲೆ, ಪಾಚಿ ಬಿಸಿಲೇರಿದ ಮೇಲೂ ಜಾರುತ್ತವೆ.

ಬಿಸಿಲಿನಿಂದ ನೆರಳಿಗೆ ನುಗ್ಗಿದ ಕೂಡಲೇ ಕಣ್ಣು ಮಂಜಾಗುತ್ತದೆ. ಹಿಂದೆ ಬರುವ ಕಾರಿನವರಿಗೂ ಅಷ್ಟೇ. ಅದಕ್ಕೇ ಹಗಲಲ್ಲೂ ಹಿಂದಿನ ಕೆಂಪು ಲೈಟ್ ಹಾಕಿಕೊಳ್ಳಿ, ದಯವಿಟ್ಟು. ಗೇಟ್ ಮುಚ್ಚುವ ಸಮಯವನ್ನೂ ಮೊದಲೇ ಕೇಳಿಕೊಳ್ಳಿ.