ಟೆಂಡರ್ ಕೈತಪ್ಪಿದ ಕಕ್ಷಿದಾರರು ಬಂದಾಗ

ಗುತ್ತಿಗೆದಾರರು ಬಂದು ಕೂತ ತಕ್ಷಣ ‘ಹೈಕೋರ್ಟಿಗೇ ಹೋಗೋಣ ಸಾರ್’ ಅನ್ನುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಟೆಂಡರ್ ಆದೇಶ ಕೈಗೆ ಸಿಕ್ಕ ದಿನಾಂಕ ಕೇಳಿ, ಯಾಕೆಂದರೆ 1999ರ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕರ್ನಾಟಕದ ಕಾಯ್ದೆ) 16ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಹಾಕಲು ಅಲ್ಲಿಂದ ಇರುವುದು 30 ದಿನ. ಆಮೇಲೆ ಟೆಂಡರ್ ದಾಖಲೆ, ತಿದ್ದುಪಡಿ, ಪ್ರೀ-ಬಿಡ್ ಉತ್ತರ (ಬಿಡ್ ಹಾಕುವ ಮೊದಲು ಕೇಳಿದ ಪ್ರಶ್ನೆಗಳಿಗೆ ಇಲಾಖೆ ಕೊಟ್ಟ ಉತ್ತರ) ಎಲ್ಲಾ ತರಿಸಿ, ಒಂದು ಹಾಳೆಯಲ್ಲಿ ಎಡಕ್ಕೆ ಷರತ್ತು, ಬಲಕ್ಕೆ ಅವರು ಅಪ್‌ಲೋಡ್ ಮಾಡಿದ ಕಾಗದ ಬರೆಯಿರಿ. ಅರ್ಧ ಕೇಸು ಅಲ್ಲೇ ಗೊತ್ತಾಗುತ್ತದೆ. ಟರ್ನೋವರ್ (ವಾರ್ಷಿಕ ವಹಿವಾಟು) ಸರ್ಟಿಫಿಕೇಟಿನಲ್ಲಿ ಒಂದು ವರ್ಷವೇ ಬಿಟ್ಟುಹೋಗಿದ್ದರೆ ಸುಮ್ನೆ ವಾದ ಮಾಡಿ ಏನು ಬಂತು, ಅಲ್ವಾ?

‘ನನ್ನ ರೇಟೇ ಕಡಿಮೆ’ ಅನ್ನುವ ಮಾತಿಗೆ ಜಾಸ್ತಿ ತೂಕ ಕೊಡಬೇಡಿ. ಸುಪ್ರೀಂ ಕೋರ್ಟಿನ 1994ರ ಟಾಟಾ ಸೆಲ್ಯುಲರ್ ತೀರ್ಪಿನ ಪ್ರಕಾರ ಕೋರ್ಟು ನೋಡುವುದು ನಿರ್ಧಾರವನ್ನಲ್ಲ, ಅದಕ್ಕೆ ಬಂದ ದಾರಿಯನ್ನು. ಹಾಗಾಗಿ ಟೆಂಡರ್ ಗೆದ್ದವರಿಗೂ ಅದೇ ಷರತ್ತು ಹಚ್ಚಿದರಾ ಅಂತ ಹುಡುಕಿ.