ವಸಡು ಕೊಳೆತಾಗ ಬಾಯಿ ತೊಳೆಯುವುದು ಹೇಗೆ?

ವಸಡಿನಲ್ಲಿ ರಕ್ತ ಕಂಡ ಕೂಡಲೇ ಬಹಳ ಜನ ಬ್ರಷ್ ಕೆಳಗಿಡುತ್ತಾರೆ. ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ ಗುಳಿಗೆ ಕೇಳುತ್ತಾರೆ. ಸಾಮಾನ್ಯ ವಸಡು ಊತದಲ್ಲೇ ಇವೆರಡೂ ತಪ್ಪು. ‘ಟ್ರೆಂಚ್ ಮೌತ್’ ಎಂಬ ತೀವ್ರ ಸೋಂಕಿನಲ್ಲಂತೂ ಹೀಗೆ ಮಾಡಿದರೆ ಹಲ್ಲುಗಳ ನಡುವಿನ ವಸಡನ್ನೇ ಕಳೆದುಕೊಳ್ಳಬೇಕಾಗಬಹುದು. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರನ್ನು ಕಾಡಿದ್ದರಿಂದ ಅದಕ್ಕೆ ಆ ಹೆಸರು.

ಗುರುತಿಸುವುದು ಸುಲಭ. ಒಂದೆರಡು ದಿನದಲ್ಲೇ ನೋವು ವಿಪರೀತ ಏರುತ್ತದೆ, ಬಾಯಿ ನಾರುತ್ತದೆ. ಕನ್ನಡಿಯಲ್ಲಿ ನೋಡಿ: ಹಲ್ಲುಗಳ ನಡುವೆ ಮೊನಚಾಗಿರಬೇಕಾದ ವಸಡಿನ ತುದಿ ಕೊರೆದು ತೆಗೆದಂತೆ ಗುಂಡಿಬಿದ್ದಿರುತ್ತದೆ, ಮೇಲೆ ಬೂದುಬಣ್ಣದ ಪೊರೆ ಕೂತಿರುತ್ತದೆ.

ಫ್ಯೂಸೋಬ್ಯಾಕ್ಟೀರಿಯಾ, ಸ್ಪೈರೋಕೀಟ್‌ಗಳಂಥ ಬ್ಯಾಕ್ಟೀರಿಯಾ ಬಾಯಲ್ಲಿ ಮೊದಲೇ ಇರುತ್ತವೆ. ಬೀಡಿ-ಸಿಗರೇಟು, ನಿದ್ದೆಗೆಟ್ಟ ರಾತ್ರಿಗಳು, ಮಾನಸಿಕ ಒತ್ತಡ, ಅಪೌಷ್ಟಿಕತೆ, ಎಚ್‌ಐವಿ ಇವುಗಳಿಂದ ದೇಹದ ಶಕ್ತಿ ಕುಗ್ಗಿದಾಗ ಮೇಲುಗೈ ಪಡೆಯುತ್ತವೆ. ಇದು ಅಂಟುರೋಗವಲ್ಲ, ರೋಗಿಯನ್ನು ದೂರ ಕೂರಿಸಬೇಡಿ.

ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಅಂದೇ ಅಥವಾ ಮರುದಿನ. ಅವರು ಮರಗಟ್ಟುವ ಔಷಧಿ ಹಚ್ಚಿ ಪೊರೆ ಒರೆಸಿ, ಹಲ್ಲಿನ ಮೇಲೆ ಕಾಣುವ ಕಿಟ್ಟ (ಗಟ್ಟಿಯಾದ ಕೊಳೆ) ತೆಗೆಯುತ್ತಾರೆ. ಒಂದೆರಡು ದಿನದಲ್ಲಿ ಮತ್ತೆ ಬರಹೇಳಿದರೆ ತಪ್ಪಿಸಬೇಡಿ.

ಜನ ಎಡವುವುದು ಮನೆಯಲ್ಲಿ, ಮೊದಲ ನಾಲ್ಕು ದಿನ. ಹಳೆಯ ಬ್ರಷ್ ಎಸೆದು, ‘ಅಲ್ಟ್ರಾ ಸಾಫ್ಟ್’ ಎಂದು ಬರೆದಿರುವ ಹೊಸದನ್ನು ಕೊಳ್ಳಿ. ಎಳೆಗಳನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಇನ್ನೂ ಮೆತ್ತಗಾಗುತ್ತವೆ. ಪೇಸ್ಟ್ ಉರಿಸಿದರೆ ಆ ನಾಲ್ಕು ದಿನ ಬೇಡ, ಬರೀ ನೀರು ಸಾಕು. ಕನ್ನಡಿ ಮುಂದೆ ನಿಂತು, ಒಂದು ಸಲಕ್ಕೆ ಎರಡೇ ಹಲ್ಲು ಹಿಡಿಯಿರಿ. ಹುಣ್ಣಾದ ವಸಡಿಗೆ ತಗಲದಂತೆ, ಹಲ್ಲಿನ ಮೈಯನ್ನಷ್ಟೇ ವಸಡಿನಂಚಿನವರೆಗೆ ಸಣ್ಣದಾಗಿ ಅಲುಗಿಸುತ್ತಾ ಉಜ್ಜಿ. ಸ್ವಲ್ಪ ರಕ್ತ ಬಂದರೆ ಹೆದರಬೇಡಿ. ರಕ್ತ ಬರುವುದು ಅಲ್ಲಿ ಕೊಳೆ ಕೂತಿದೆ ಎಂದು, ಬಿಟ್ಟಷ್ಟೂ ಅದು ಹೆಚ್ಚುತ್ತದೆ. ಸಂದಿಗೆ ದಾರ, ಕಡ್ಡಿ ಹಾಕುವುದು ಈಗ ಬೇಡ.

ನಂತರ ಮುಕ್ಕಳಿಸುವುದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಎರಡು-ಮೂರು ಗಂಟೆಗೊಮ್ಮೆ. ಡಾಕ್ಟರು ಹೈಡ್ರೋಜನ್ ಪೆರಾಕ್ಸೈಡ್ ಹೇಳಿದ್ದರೆ ಬಾಟಲಿಯ ಚೀಟಿ ಓದಿ. ‘ಸಮ ಪ್ರಮಾಣದ ನೀರು ಬೆರೆಸಿ’ ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ ಶೇ 3ರ ದ್ರಾವಣದ್ದು. ನಮ್ಮಲ್ಲಿ ಶೇ 6ರದ್ದೂ ಮಾರಾಟವಾಗುತ್ತದೆ, ಅದಕ್ಕೆ ಮೂರು ಪಾಲು ನೀರು ಬೇಕು. ಈ ವ್ಯತ್ಯಾಸ ಗಮನಿಸದೆ ಹುಣ್ಣಿನ ಮೇಲೆ ಸುಟ್ಟ ಗಾಯ ಮಾಡಿಕೊಳ್ಳುವವರಿದ್ದಾರೆ. ನುಂಗಬಾರದು. ಡಾಕ್ಟರು ಹೇಳಿದ್ದು ಕ್ಲೋರ್‌ಹೆಕ್ಸಿಡೀನ್ ಎಂಬ ಬಾಯಿ ಮುಕ್ಕಳಿಸುವ ಔಷಧಿಯಾದರೆ, ಶೇ 0.2ರದ್ದು 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ. ಪೇಸ್ಟ್ ಬಳಸಿದ್ದರೆ ಅರ್ಧ ಗಂಟೆ ಬಿಟ್ಟು, ಇಲ್ಲವಾದರೆ ಅದರ ಗುಣ ಕುಗ್ಗುತ್ತದೆ. ಡಾಕ್ಟರು ಹೇಳದೆ ಎರಡು ವಾರ ಮೀರಿಸಬೇಡಿ, ಹಲ್ಲಿಗೆ ಕಂದು ಕಲೆ ಕೂರುತ್ತದೆ.

ಕೆಂಪು ಹಲ್ಲುಪುಡಿ, ಇದ್ದಿಲು, ಹೊಗೆಸೊಪ್ಪಿನ ಪುಡಿ, ವಸಡಿನ ಮೇಲೆ ಆಸ್ಪಿರಿನ್ ಗುಳಿಗೆ ಇಡುವುದು, ಯಾವುದೂ ಬೇಡವೇ ಬೇಡ. ಲವಂಗದೆಣ್ಣೆ ಕೂಡ ಹುಣ್ಣನ್ನು ಸುಡುತ್ತದೆ.

ಜ್ವರವಿದ್ದರೆ ಅಥವಾ ಕುತ್ತಿಗೆಯಲ್ಲಿ ಗಂಟು ಕಂಡರೆ ಡಾಕ್ಟರು ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಗುಳಿಗೆ ಬರೆಯಬಹುದು. ಹೇಳಿದಷ್ಟು ದಿನ ಪೂರ್ತಿ ನುಂಗಿ. ಆ ದಿನಗಳಲ್ಲೂ ಮುಗಿದ ಮೇಲೆ 48 ಗಂಟೆಯೂ ಮದ್ಯ ಮುಟ್ಟಬಾರದು. ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಗುಳಿಗೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಕಿಟ್ಟ ತೆಗೆಸದೆ ಬರೀ ಗುಳಿಗೆ ನುಂಗಿದರೆ ನೋವು ಇಳಿದು ರೋಗ ಉಳಿಯುತ್ತದೆ.

ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾದರೆ, ಕುತ್ತಿಗೆ ಊದಿದರೆ ತಕ್ಷಣ ಆಸ್ಪತ್ರೆ. ಸೊರಗಿದ ಮಗುವಿನ ಕೆನ್ನೆ ಊದಿ ಕಪ್ಪಾಗುತ್ತಿದ್ದರೆ ಒಂದು ಗಂಟೆಯೂ ಕಾಯಬೇಡಿ, ಅದು ಮುಖವನ್ನೇ ತಿನ್ನುವ ನೋಮಾ ಆಗಿರಬಹುದು. ಕಾರಣವಿಲ್ಲದೆ ಸೋಂಕು ಮರುಕಳಿಸಿದರೆ ರಕ್ತ ಪರೀಕ್ಷೆ, ಸಕ್ಕರೆ, ಎಚ್‌ಐವಿ ಮೂರನ್ನೂ ಮಾಡಿಸಿ.

ಸರಿಯಾದ ಚಿಕಿತ್ಸೆ ಸಿಕ್ಕರೆ ನೋವು ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಆಗಲೇ ಜನ ಡಾಕ್ಟರನ್ನು ಮರೆಯುತ್ತಾರೆ, ಆಳದ ಕಿಟ್ಟ ತೆಗೆಸುವುದು ಮಾತ್ರ ಇನ್ನೂ ಬಾಕಿ ಇರುತ್ತದೆ. ಗುಂಡಿಬಿದ್ದ ಸಂದಿ ಪೂರ್ತಿ ತುಂಬದೆ ಉಳಿದರೆ ಅಲ್ಲಿ ಅನ್ನದಗಳು ನಿಲ್ಲುತ್ತದೆ. ಬರೀ ಬ್ರಷ್ ಅಲ್ಲಿಗೆ ತಲುಪದು. ಸಂದಿಗೆ ಹಾಕುವ ಪುಟ್ಟ ಬ್ರಷ್‌ನ ಅಳತೆಯನ್ನು ಡಾಕ್ಟರಿಂದಲೇ ಕೇಳಿ ಕೊಳ್ಳಿ. ಒತ್ತದೆ, ಸಡಿಲವೂ ಆಗದೆ ಒಳಹೋಗುವಂಥದ್ದು ಬೇಕು. ದಿನಕ್ಕೊಮ್ಮೆ, ಮಲಗುವ ಮುಂಚೆ.